ಗಲ್ಫ್ ಕೆಲಸದ ವೀಸಾ: ವಿಮಾನ ಹತ್ತುವ ಮುಂಚೆ ಕಾಗದ ಓದುವುದು ಹೇಗೆ

ಗಲ್ಫ್‌ಗೆ ಕೆಲಸಕ್ಕೆ ಹೊರಟವರ ಕೈಗೆ ಹತ್ತಾರು ಕಾಗದ ಬರುತ್ತವೆ. ಅದರಲ್ಲಿ ಬದುಕು ನಿಂತಿರುವುದು ಮೂರರ ಮೇಲೆ: ಆಫರ್ ಲೆಟರ್, ವೀಸಾ, ಕೆಲಸದ ಕರಾರು. ಮೂರರಲ್ಲೂ ಮಾಲೀಕನ ಹೆಸರು ಮತ್ತು ಹುದ್ದೆ ಒಂದೇ ಇರಬೇಕು. ವೀಸಾದಲ್ಲಿ ಸಂಬಳ ಬರೆದಿರುವುದಿಲ್ಲ, ಆದರೆ ಆಫರ್ ಮತ್ತು ಕರಾರಿನಲ್ಲಿ ಬೇಸಿಕ್ ಸಂಬಳ ಒಂದೇ ಇರಬೇಕು. ಹೋದವರು ಆಮೇಲೆ ಹೇಳಿಕೊಳ್ಳುವ ದೂರುಗಳಲ್ಲಿ ಬಹುಪಾಲು ಈ ಮೂರು ಕಾಗದ ಮೂರು ಮಾತು ಹೇಳಿದ್ದರಿಂದಲೇ ಹುಟ್ಟಿದವು. ಹಾಗಾಗಿ ಇವು ಮೂರೂ ಕೈಗೆ ಬರುವ ತನಕ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಬೈಕು ಮಾರಬೇಡಿ.

ಪಾಸ್‌ಪೋರ್ಟ್

ಮೊದಲು ಎರಡನೇ ಪುಟ ತೆರೆದು ನೋಡಿ. ಅಲ್ಲಿ ಇ.ಸಿ.ಆರ್. ಎಂದು ಮುದ್ರಿಸಿದ್ದರೆ, ಕೆಲಸಕ್ಕಾಗಿ ಹೊರಡುವ ಮುನ್ನ ಸರಕಾರದ ವಲಸೆ ಅನುಮತಿ ಪಡೆಯಬೇಕು ಎಂದರ್ಥ. 1983ರ ವಲಸೆ ಕಾಯಿದೆಯಡಿ ಈ ನಿಯಮ 18 ದೇಶಗಳಿಗೆ ಅನ್ವಯಿಸುತ್ತದೆ. ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್ ಆರೂ ಆ ಪಟ್ಟಿಯಲ್ಲಿವೆ. ಎರಡನೇ ಪುಟದಲ್ಲಿ ಆ ಮುದ್ರೆ ಇಲ್ಲದಿದ್ದರೆ, ನರ್ಸ್‌ಗಳನ್ನು ಬಿಟ್ಟು ಉಳಿದವರಿಗೆ ಅನುಮತಿಯ ಗೊಡವೆ ಇಲ್ಲ.

ಹತ್ತನೇ ತರಗತಿ ಪಾಸಾಗಿದ್ದೂ ಪಾಸ್‌ಪೋರ್ಟ್ ಮಾಡಿಸುವಾಗ ಮಾರ್ಕ್ಸ್ ಕಾರ್ಡ್ ಕೊಡದೆ ಇ.ಸಿ.ಆರ್. ಹಾಕಿಸಿಕೊಂಡವರು ಬಹಳ ಮಂದಿ ಇದ್ದಾರೆ. ಅಂಥವರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟು ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿದರೆ ಅದು ಹೋಗುತ್ತದೆ. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ 3,500. ವೀಸಾ ಹಳೆಯ ಪಾಸ್‌ಪೋರ್ಟ್ ನಂಬರಿಗೆ ಬಂದ ಮೇಲೆ ಇದನ್ನು ಮಾಡಹೊರಟರೆ ವೀಸಾವನ್ನೇ ಮತ್ತೆ ಹೊಸದಾಗಿ ತೆಗೆಸಬೇಕಾಗಬಹುದು. ಆದ್ದರಿಂದ ಇದು ಮೊದಲ ದಿನದ ಕೆಲಸ. ಪಾಸ್‌ಪೋರ್ಟಿನ ಅವಧಿ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಇದ್ದರೆ ವೀಸಾ ಸಿಗುವುದಿಲ್ಲ. ಎರಡು ವರ್ಷದ ಕರಾರಿಗೆ ಹೊರಟವರು ಕನಿಷ್ಠ ಎರಡೂವರೆ ವರ್ಷ ಬಾಕಿ ಇರುವಂತೆ ನೋಡಿಕೊಂಡರೆ ಅಲ್ಲಿ ಮಧ್ಯದಲ್ಲಿ ರಾಯಭಾರ ಕಚೇರಿಗೆ ಅಲೆಯುವುದು ತಪ್ಪುತ್ತದೆ.

ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವುದು ಇನಿಷಿಯಲ್. ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಕೆ.’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಹೆಸರು, ಐಟಿಐ ಸರ್ಟಿಫಿಕೇಟಿನಲ್ಲಿ ಬರೀ ‘ಮಂಜುನಾಥ’. ಈ ಮೂವರೂ ಒಬ್ಬನೇ ಎಂದು ಅಲ್ಲಿನ ಗುಮಾಸ್ತನಿಗೆ ನೀವು ಸಾಬೀತು ಮಾಡಬೇಕು. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ ಬಿಟ್ಟು ಒಂದೇ ಪದದ ಹೆಸರಿದ್ದರೆ ತೊಡಕು ಇನ್ನೂ ಹೆಚ್ಚು: ಯುಎಇ 2022ರ ನವೆಂಬರಿನಿಂದ ಒಂಟಿ ಹೆಸರಿನವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಕೊಡುತ್ತಿಲ್ಲ. ಇನಿಷಿಯಲ್ ಬಿಡಿಸಿ ಉಪನಾಮದ ಜಾಗದಲ್ಲಿ ಹಾಕಿಸಿಕೊಳ್ಳುವುದೇ ಲೇಸು. ನೋಟರಿ ಅಫಿಡವಿಟ್ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ಇಲ್ಲ.

ಏಜೆಂಟ್ ಅಸಲಿಯೇ?

ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಹೆಸರು ಇದ್ದ ಮಾತ್ರಕ್ಕೆ ಆಗಲಿಲ್ಲ. ಪರವಾನಗಿ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ, ಅವಧಿ ಮುಗಿದಿದೆಯೇ ಎಂಬುದನ್ನೂ ಅಲ್ಲೇ ತೋರಿಸುತ್ತದೆ. ಅದೇ ತಾಣದಲ್ಲಿ ಅಕ್ರಮ ಏಜೆಂಟರ ಪಟ್ಟಿಯೂ ಇದೆ, ಅದನ್ನೂ ಒಮ್ಮೆ ಓದಿ. ಕಚೇರಿಯ ವಿಳಾಸ ಪರವಾನಗಿಯಲ್ಲಿರುವುದಕ್ಕೆ ಹೊಂದಬೇಕು. ‘ನಾವು ಮುಂಬಯಿಯ ಆ ಏಜೆನ್ಸಿಯ ಸಬ್ ಏಜೆಂಟ್’ ಎಂದು ಊರಿನಲ್ಲಿ ಟೇಬಲ್ ಹಾಕಿ ಕೂತವರಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಅವರ ಕೈಗೆ ಕೊಟ್ಟ ಹಣಕ್ಕೆ ಮುಂಬಯಿಯ ಏಜೆನ್ಸಿ ಜವಾಬ್ದಾರಿ ಹೊರುವುದಿಲ್ಲ.

ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಜತೆಗೆ ಶೇ. 18 ಜಿಎಸ್‌ಟಿ, ಒಟ್ಟು 35,400. ಅದಕ್ಕೆ ರಸೀದಿ ಕೊಡಲೇಬೇಕು. ಒಂದೂವರೆ ಲಕ್ಷ, ಎರಡು ಲಕ್ಷ ಕೇಳಿ ‘ರಸೀದಿ ಮೂವತ್ತಕ್ಕೆ ಮಾತ್ರ’ ಎನ್ನುವುದು ಈ ದಂಧೆಯ ಹಳೆಯ ವರಸೆ. ನಗದು ಬೇಡ, ಏಜೆನ್ಸಿಯ ಖಾತೆಗೇ ಹಾಕಿ. ವ್ಯಕ್ತಿಯ ಹೆಸರಿನ ಯುಪಿಐ ನಂಬರು ಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ವೀಸಾ ತೆಗೆಸುವ ಖರ್ಚು ನಿಮ್ಮದಲ್ಲ ಎಂಬುದೂ ನೆನಪಿರಲಿ: ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿ ನೇಮಕಾತಿ ಖರ್ಚು, ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ), ಅದರ ನವೀಕರಣ, ಕರಾರು ಮುಗಿದ ಮೇಲಿನ ಟಿಕೆಟ್ ಎಲ್ಲವನ್ನೂ ಮಾಲೀಕನ ತಲೆಗೆ ಹಾಕುತ್ತದೆ. ಯುಎಇಯ 2021ರ ಕಾನೂನು ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವುದನ್ನು ನಿಷೇಧಿಸಿದೆ.

‘ಫ್ರೀ ವೀಸಾ’ ಎಂಬ ವೀಸಾ ಇಲ್ಲ

ಆಜಾದ್ ವೀಸಾ, ಫ್ರೀ ವೀಸಾ ಎಂದು ಕರೆಯುವುದು ಇದನ್ನು: ಒಬ್ಬ ಕಫೀಲ, ಅಂದರೆ ವೀಸಾದ ಪ್ರಾಯೋಜಕ, ತನ್ನ ಹೆಸರಿನಲ್ಲಿ ವೀಸಾ ತೆಗೆದು ಮಾರುತ್ತಾನೆ, ನೀವು ಹೋಗಿ ಹೊರಗೆ ಎಲ್ಲಾದರೂ ಕೆಲಸ ಹುಡುಕಿಕೊಂಡು ಅವನಿಗೆ ಆಗಾಗ ಹಣ ಕಟ್ಟುತ್ತಿರಬೇಕು. ಯಾವ ಗಲ್ಫ್ ದೇಶದ ಕಾನೂನಿನಲ್ಲೂ ಇಂಥದ್ದೊಂದು ವರ್ಗ ಇಲ್ಲ. ಕಾಗದದ ಮೇಲೆ ನೀವು ಆ ಕಫೀಲನ ಕೆಲಸಗಾರ. ಬೇರೆ ಕಡೆ ದುಡಿಯುವಾಗ ತಪಾಸಣೆಗೆ ಸಿಕ್ಕಿದರೆ ಅಕ್ರಮ ಕೆಲಸಗಾರ. ಸಂಬಳ ಕೊಡದವನ ಮೇಲೆ ದೂರು ಕೊಡಲೂ ಆಗದು, ಏಕೆಂದರೆ ಅವನ ಜತೆ ನಿಮಗೆ ಕರಾರೇ ಇಲ್ಲ. ಕಫೀಲನಿಗೆ ಸಿಟ್ಟು ಬಂದರೆ ‘ಕೆಲಸ ಬಿಟ್ಟು ಓಡಿಹೋಗಿದ್ದಾನೆ’ ಎಂದು ವರದಿ ಹಾಕುತ್ತಾನೆ. ಸೌದಿಯಲ್ಲಿ ಅದನ್ನೇ ಹುರೂಬ್ ಎನ್ನುವುದು. ಅದು ಬಿದ್ದ ಮೇಲೆ ಇಕಾಮಾ ನವೀಕರಣ ಇಲ್ಲ, ನೆಟ್ಟಗೆ ಊರಿಗೆ ಬರುವುದೂ ಕಷ್ಟ.

ಕುವೈತಿನಲ್ಲಿ ಇದರ ಇನ್ನೊಂದು ರೂಪ ಖಾದಿಮ್ ವೀಸಾ. 20ನೇ ವಿಧಿಯ ವೀಸಾ ಮನೆಗೆಲಸಕ್ಕೆ, 18ನೇ ವಿಧಿಯದು ಖಾಸಗಿ ಕಂಪನಿಗೆ. ‘ಸದ್ಯಕ್ಕೆ 20ರಲ್ಲಿ ಹೋಗಿ, ಆಮೇಲೆ 18ಕ್ಕೆ ಬದಲಾಯಿಸೋಣ’ ಎನ್ನುವ ಭರವಸೆಯನ್ನು ನಂಬಿ ಹೊರಡಬೇಡಿ. ವಿಸಿಟ್ ವೀಸಾದ ಕಥೆಯೂ ಹೀಗೇ. ದುಬೈಗೆ ವಿಸಿಟ್‌ನಲ್ಲಿ ಹೋಗಿ ಸಂದರ್ಶನ ಕೊಡುವುದು ಬೇರೆ, ಕೆಲಸದ ಪರವಾನಗಿ ಬರುವ ಮುಂಚೆ ಡ್ಯೂಟಿ ಹತ್ತುವುದು ಬೇರೆ. ಎರಡನೆಯದು ಅಪರಾಧ. ಇ.ಸಿ.ಆರ್. ಪಾಸ್‌ಪೋರ್ಟಿನವರು ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋದರೆ ವಲಸೆ ಅನುಮತಿಯೂ ಇಲ್ಲ, ಅದರ ಜತೆ ಬರುವ ವಿಮೆಯೂ ಇಲ್ಲ.

ಕರಾರಿನಲ್ಲಿ ಏನು ಓದಬೇಕು

ಎಲ್ಲರೂ ಒಟ್ಟು ಸಂಬಳ ನೋಡುತ್ತಾರೆ. ನೋಡಬೇಕಾದ್ದು ಬೇಸಿಕ್. ಯುಎಇಯಂಥ ಕಡೆ ಓವರ್‌ಟೈಮ್ ಲೆಕ್ಕದಲ್ಲೂ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯಲ್ಲೂ ಬೇಸಿಕ್‌ನದೇ ಆಟ. ಯುಎಇಯಲ್ಲಿ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ವರ್ಷಕ್ಕೆ 30 ದಿನದ ಬೇಸಿಕ್. ಒಂದು ಉದಾಹರಣೆ ತೆಗೆದುಕೊಳ್ಳಿ. ಇಬ್ಬರಿಗೂ ತಿಂಗಳಿಗೆ 1,500 ದಿರ್ಹಂ. ಒಬ್ಬನ ಕರಾರಿನಲ್ಲಿ ಅಷ್ಟೂ ಬೇಸಿಕ್. ಇನ್ನೊಬ್ಬನದರಲ್ಲಿ ಬೇಸಿಕ್ 800, ಉಳಿದ 700 ಭತ್ಯೆ. ಮೊದಲನೆಯವನಿಗೆ ವರ್ಷಕ್ಕೆ 1,050 ದಿರ್ಹಂ ಗ್ರಾಚ್ಯುಟಿ ಕೂಡುತ್ತದೆ, ಎರಡನೆಯವನಿಗೆ 560. ಐದು ವರ್ಷಕ್ಕೆ ವ್ಯತ್ಯಾಸ 2,450 ದಿರ್ಹಂ. ದಿನಾ ಎರಡು ಗಂಟೆ ಓವರ್‌ಟೈಮ್ ಮಾಡುವವರಾದರೆ ಕಳೆದುಕೊಳ್ಳುವುದು ಇದಕ್ಕಿಂತ ಎಷ್ಟೋ ಹೆಚ್ಚು, ಏಕೆಂದರೆ ಯುಎಇಯಲ್ಲಿ ಓವರ್‌ಟೈಮ್ ಎಂದರೆ ಬೇಸಿಕ್‌ನ ಗಂಟೆಯ ಕೂಲಿಯ ಮೇಲೆ ಶೇ. 25 ಹೆಚ್ಚು, ರಾತ್ರಿ 10ರಿಂದ ಬೆಳಗಿನ 4ರ ನಡುವೆ ಆದರೆ ಶೇ. 50 ಹೆಚ್ಚು.

ಹುದ್ದೆಯ ಹೆಸರು ಎರಡನೆಯದು. ನೀವು ಎಲೆಕ್ಟ್ರಿಷಿಯನ್, ವೀಸಾದಲ್ಲಿ ‘ಆಮಿಲ್’ ಅಂದರೆ ಬರೀ ಕೂಲಿ ಎಂದಿದ್ದರೆ, ಅಲ್ಲಿ ಇಳಿದ ಮೇಲೆ ಕಾಗದ ಹೇಳಿದ್ದೇ ನಡೆಯುತ್ತದೆ. ‘ಆ ವೃತ್ತಿಯಲ್ಲಿ ವೀಸಾ ಸಿಗಲಿಲ್ಲ, ಅಲ್ಲಿ ಹೋದ ಮೇಲೆ ಪ್ರೊಫೆಷನ್ ಚೇಂಜ್ ಮಾಡಿಸೋಣ’ ಎನ್ನುತ್ತಾರೆ. ಆ ಬದಲಾವಣೆಗೆ ಮಾಲೀಕನೇ ಅರ್ಜಿ ಹಾಕಬೇಕು, ಅವನಿಗೆ ಅದರಲ್ಲಿ ಲಾಭವೇನೂ ಇಲ್ಲ. ಸೌದಿಯಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎ.ಸಿ. ಟೆಕ್ನಿಷಿಯನ್‌ನಂಥ ಕಸುಬುಗಳ ವೀಸಾಕ್ಕೆ ಇಲ್ಲೇ ಕೌಶಲ ಪರೀಕ್ಷೆ ಪಾಸಾಗಬೇಕು. ಕಂಪ್ಯೂಟರಿನಲ್ಲಿ ಒಂದು ಭಾಗ, ಕೈಕೆಲಸ ಒಂದು ಭಾಗ. ಆ ಪರೀಕ್ಷೆ ತಪ್ಪಿಸಲೆಂದೇ ಬೇರೆ ಹುದ್ದೆಯ ಹೆಸರಿನಲ್ಲಿ ವೀಸಾ ಹೊಡೆಸುವ ಏಜೆಂಟರಿದ್ದಾರೆ. ಪರೀಕ್ಷೆ ಬರೆಯುವುದೇ ವಾಸಿ.

ಉಳಿದವು: ದಿನಕ್ಕೆ ಎಷ್ಟು ಗಂಟೆ, ವಾರದ ರಜೆ, ಊಟ ಮತ್ತು ವಸತಿ ಕಂಪನಿಯದೋ ಅದಕ್ಕೆ ಹಣವೋ, ರಜೆಗೆ ಬರುವ ಟಿಕೆಟ್ ಎಷ್ಟು ವರ್ಷಕ್ಕೊಮ್ಮೆ, ಪ್ರೊಬೇಷನ್ ಎಷ್ಟು ತಿಂಗಳು. ಯುಎಇಯಲ್ಲಿ ಅದು ಆರು ತಿಂಗಳು ಮೀರುವಂತಿಲ್ಲ. ‘ಊಟ ಫ್ರೀ’ ಎಂದು ಬಾಯಲ್ಲಿ ಹೇಳಿ ಕಾಗದದಲ್ಲಿ ಬರೆಯದಿದ್ದರೆ ಊಟ ಫ್ರೀ ಇಲ್ಲ ಎಂದೇ ತಿಳಿಯಿರಿ. ಕತಾರಿನ ಕನಿಷ್ಠ ವೇತನವೇ ಇದಕ್ಕೆ ಒಳ್ಳೆಯ ಅಳತೆಗೋಲು: 2021ರಿಂದ ಅಲ್ಲಿ ಬೇಸಿಕ್ 1,000 ರಿಯಾಲ್, ವಸತಿ ಕೊಡದಿದ್ದರೆ ಅದಕ್ಕೆ 500, ಊಟ ಕೊಡದಿದ್ದರೆ 300 ಬೇರೆ. ಕತಾರಿಗೆ 1,000ಕ್ಕಿಂತ ಕಡಿಮೆ ಬೇಸಿಕ್‌ನ ಆಫರ್ ತಂದವನು ಅಲ್ಲಿನ ಕಾನೂನೇ ಒಪ್ಪದ ಕಾಗದ ತಂದಿದ್ದಾನೆ.

ಯುಎಇಯ ಆಫರ್ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿ ಅರಬ್ಬಿ, ಇಂಗ್ಲಿಷ್ ಜತೆಗೆ ನಿಮಗೆ ತಿಳಿಯುವ ಮತ್ತೊಂದು ಭಾಷೆಯಲ್ಲಿ ಇರಬೇಕು. ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಹಿಂದಿ, ಮಲಯಾಳಂ, ತಮಿಳು, ಉರ್ದು ಇವೆ. ಓದಲು ಬರುವುದನ್ನು ಕೇಳಿ ಪಡೆಯಿರಿ. ಅಲ್ಲಿ ಹೋದ ಮೇಲೆ ಸಹಿ ಹಾಕಿಸುವ ಕರಾರು ಈ ಆಫರಿಗಿಂತ ಕೆಳಗಿರುವಂತಿಲ್ಲ. ಅದಕ್ಕೇ ಆಫರಿನ ಫೋಟೋ ಫೋನಿನಲ್ಲಿರಬೇಕು, ಒಂದು ಪ್ರತಿ ಮನೆಯಲ್ಲೂ ಇರಬೇಕು.

ಕತಾರಿನದು ಬೇರೆ ದಾರಿ. ಭಾರತದಲ್ಲೇ ಅದರ ವೀಸಾ ಕೇಂದ್ರಗಳಿವೆ: ದೆಹಲಿ, ಮುಂಬಯಿ, ಕೋಲ್ಕತ್ತ, ಲಖನೌ, ಹೈದರಾಬಾದ್, ಚೆನ್ನೈ, ಕೊಚ್ಚಿ. ಬೆಂಗಳೂರಿನಲ್ಲಿಲ್ಲ. ಬೆರಳಚ್ಚು, ಮೆಡಿಕಲ್, ಕರಾರಿಗೆ ಸಹಿ ಮೂರೂ ಅಲ್ಲೇ. ಪರದೆಯ ಮೇಲೆ ಕರಾರು ಮೂಡಿದಾಗ ಹುದ್ದೆ ಮತ್ತು ಬೇಸಿಕ್ ಎರಡನ್ನೂ ಬೆರಳಿಟ್ಟು ಓದಿ. ಏಜೆಂಟ್ ಹೇಳಿದ್ದಕ್ಕೆ ತಾಳೆಯಾಗದಿದ್ದರೆ ಸಹಿ ಹಾಕದೆ ಎದ್ದು ಬರಬಹುದು. ಹಿಂದೆ ಸಾಲು ನಿಂತಿದೆ ಎಂಬ ಸಂಕೋಚಕ್ಕೆ ಸಹಿ ಹಾಕಿ ಎರಡು ವರ್ಷ ಅನುಭವಿಸುವುದು ಬೇಡ.

ಮೆಡಿಕಲ್

ಸೌದಿ, ಕುವೈತ್, ಒಮಾನ್, ಬಹ್ರೇನ್‌ಗೆ ಹೊರಡುವವರು ವಾಫಿದ್ ತಾಣದಲ್ಲಿ ಹೆಸರು ನೋಂದಾಯಿಸಿ ಚೀಟಿ ತೆಗೆದುಕೊಂಡು, ಅದರಲ್ಲಿ ನಮೂದಿಸಿದ ಕೇಂದ್ರದಲ್ಲೇ ತಪಾಸಣೆ ಮಾಡಿಸಬೇಕು. ಹಳಬರು ಇದನ್ನು ಈಗಲೂ ಗಾಮ್ಕಾ ಎನ್ನುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಕ್ಷಯಕ್ಕೆ ಎದೆಯ ಎಕ್ಸ್-ರೇ, ಹೆಂಗಸರಿಗೆ ಗರ್ಭಪರೀಕ್ಷೆ. ಫಲಿತಾಂಶವನ್ನು ಪಾಸ್‌ಪೋರ್ಟ್ ನಂಬರ್ ಹಾಕಿ ನೀವೇ ನೋಡಬಹುದು.

ಎಡವುವುದು ಹೆಚ್ಚಾಗಿ ಎರಡು ಕಡೆ. ಎಂದೋ ಬಂದು ವಾಸಿಯಾದ ಕ್ಷಯದ ಕಲೆ ಶ್ವಾಸಕೋಶದಲ್ಲಿ ಉಳಿದಿದ್ದರೆ ಎಕ್ಸ್-ರೇ ನೋಡಿ ಅನ್‌ಫಿಟ್ ಎನ್ನುತ್ತಾರೆ. ಹೆಪಟೈಟಿಸ್ ಬಿ ಇರುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಹಣ ಕಟ್ಟುವ ಮುಂಚೆಯೇ ಊರಿನ ಲ್ಯಾಬಿನಲ್ಲಿ ಎದೆಯ ಎಕ್ಸ್-ರೇ ಮತ್ತು ಈ ರಕ್ತಪರೀಕ್ಷೆಗಳನ್ನು ಮಾಡಿಸಿಕೊಳ್ಳಿ. ಫಿಟ್ ಸರ್ಟಿಫಿಕೇಟಿಗೆ ಆಯುಸ್ಸು ಕಡಿಮೆ. ಹಾಗಾಗಿ ವೀಸಾ ನಂಬರ್ ಬರುವ ಮುಂಚೆ ಓಡಿಹೋಗಿ ಮಾಡಿಸಿದರೆ ಪಾಸ್‌ಪೋರ್ಟಿಗೆ ವೀಸಾ ಒತ್ತುವ (ಸ್ಟಾಂಪಿಂಗ್) ವೇಳೆಗೆ ಅವಧಿ ಮುಗಿದು ಮತ್ತೊಮ್ಮೆ ಹಣ ತೆರಬೇಕಾಗುತ್ತದೆ. ಅಲ್ಲಿ ಇಳಿದ ಮೇಲೂ ಮತ್ತೆ ತಪಾಸಣೆ ಇದೆ. ಇಲ್ಲಿ ದುಡ್ಡು ಕೊಟ್ಟು ಫಿಟ್ ಮಾಡಿಸಿಕೊಂಡವರು ಅಲ್ಲಿ ಸಿಕ್ಕಿಬಿದ್ದು ಅದೇ ದಾರಿಯಲ್ಲಿ ವಾಪಸು ಬರುತ್ತಾರೆ.

ಸರ್ಟಿಫಿಕೇಟುಗಳು

ಡಿಗ್ರಿ, ಡಿಪ್ಲೊಮಾ ಬೇಕಾದ ಹುದ್ದೆಗೆ ಮೂಲ ಸರ್ಟಿಫಿಕೇಟಿನ ಮೇಲೆ ದೃಢೀಕರಣ ಬೇಕು. ಮೊದಲು ರಾಜ್ಯ ಮಟ್ಟದಲ್ಲಿ, ನಂತರ ವಿದೇಶಾಂಗ ಸಚಿವಾಲಯದಲ್ಲಿ. ಮುಂದಿನ ಹೆಜ್ಜೆ ದೇಶದ ಮೇಲೆ ನಿಂತಿದೆ. ಸೌದಿ (2022ರ ಡಿಸೆಂಬರಿನಿಂದ), ಒಮಾನ್, ಬಹ್ರೇನ್ ದಾಖಲೆ ದೃಢೀಕರಣದ ಹೇಗ್ ಒಪ್ಪಂದದಲ್ಲಿರುವುದರಿಂದ ಸಚಿವಾಲಯ ಹಾಕುವ ಅಪಾಸ್ಟೀಲ್ ಎಂಬ ಮುದ್ರೆ ಸಾಕು. ಯುಎಇ, ಕುವೈತ್, ಕತಾರ್ ಅದರಲ್ಲಿಲ್ಲ. ಅವುಗಳ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಸಚಿವಾಲಯದ ಸಾಮಾನ್ಯ ದೃಢೀಕರಣ ಉಚಿತ, ಅಪಾಸ್ಟೀಲ್‌ಗೆ ಒಂದು ದಾಖಲೆಗೆ 50 ರೂಪಾಯಿ. ಅರ್ಜಿ ಸ್ವೀಕರಿಸುವ ಅಧಿಕೃತ ಸಂಸ್ಥೆಗಳ ಸಣ್ಣ ಸೇವಾಶುಲ್ಕ ಬೇರೆ. ಸಾವಿರಾರು ರೂಪಾಯಿ ಕೇಳುವವರು ಮುದ್ರೆಗಲ್ಲ, ಓಡಾಟಕ್ಕೆ ಕೇಳುತ್ತಿದ್ದಾರೆ. ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟ್ ಇಲ್ಲಿ ತಲೆನೋವು. ಮುದ್ರೆ, ಸ್ಟಿಕರ್ ಬೀಳುವುದು ಕಾಗದದ ಹಿಂಬದಿಗೆ, ಪ್ಲಾಸ್ಟಿಕ್ಕಿನ ಮೇಲೆ ಅಲ್ಲ. ಅದನ್ನು ನೀವೇ ಕೀಳಲು ಹೋದರೆ ಅಕ್ಷರವೂ ಎದ್ದು ಬರುತ್ತದೆ. ವಿಶ್ವವಿದ್ಯಾಲಯದಿಂದ ಇನ್ನೊಂದು ಪ್ರತಿ ತೆಗೆಸಿ.

ನರ್ಸ್‌ಗಳಿಗೆ ಇದರ ಜತೆಗೆ ಡಾಟಾಫ್ಲೋ ಪರಿಶೀಲನೆ ಮತ್ತು ಪರವಾನಗಿ ಪರೀಕ್ಷೆ ಇದೆ. ಓದಿದ ಕಾಲೇಜು, ಕೆಲಸ ಮಾಡಿದ ಆಸ್ಪತ್ರೆ, ನರ್ಸಿಂಗ್ ಕೌನ್ಸಿಲ್ ಮೂರಕ್ಕೂ ನೇರವಾಗಿ ಪತ್ರ ಬರೆದು ವಿಚಾರಿಸುತ್ತಾರೆ. ಆಸ್ಪತ್ರೆಯವರು ಉತ್ತರ ಕೊಡದಿದ್ದರೆ ಕಡತ ಅಲ್ಲೇ ಕೂರುತ್ತದೆ. ಆದ್ದರಿಂದ ಹಳೆಯ ಆಸ್ಪತ್ರೆಯ ಎಚ್‌ಆರ್‌ಗೆ ಮೊದಲೇ ಒಂದು ಮಾತು ಹೇಳಿಡಿ.

ವಲಸೆ ಅನುಮತಿ, ವಿಮೆ

ಇ.ಸಿ.ಆರ್. ಇರುವವರಿಗೆ ಇದನ್ನು ಇ-ಮೈಗ್ರೇಟ್ ಮೂಲಕ ಏಜೆಂಟೇ ಮಾಡಿಸಬೇಕು. ಜತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪಾಲಿಸಿ: ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ತೆರಿಗೆ ಬೇರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ. ನಾಮಿನಿಯ ಹೆಸರು ಸರಿಯಾಗಿದೆಯೇ ನೋಡಿ, ಪಾಲಿಸಿಯ ಪ್ರತಿ ಅವರ ಕೈಯಲ್ಲೇ ಇರಲಿ. ಇ.ಸಿ.ಆರ್. ಪಾಸ್‌ಪೋರ್ಟಿನ ಹೆಂಗಸರಿಗೆ ಈ ದೇಶಗಳಲ್ಲಿ ಕೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು. ವಯಸ್ಸು ತಿದ್ದಿ ಕಳಿಸುತ್ತೇನೆ ಎನ್ನುವವನಿಂದ ದೂರವಿರಿ.

ಬ್ಯಾಂಕು, ಸಿಮ್ಮು

ಆಧಾರಿಗೂ ಬ್ಯಾಂಕಿಗೂ ಜೋಡಿಸಿದ ಸಿಮ್ಮನ್ನು ತಮ್ಮನ ಕೈಗೆ ಕೊಟ್ಟು ಹೋಗಬೇಡಿ. ಒಟಿಪಿ ಬರುವುದು ಅದಕ್ಕೇ. ಹೊರಡುವ ಮುನ್ನ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಕನಿಷ್ಠ ರೀಚಾರ್ಜಿನಲ್ಲಿ ಜೀವಂತ ಇಡಿ. ರೀಚಾರ್ಜ್ ತಪ್ಪಿ ನಂಬರು ಬೇರೆಯವರ ಪಾಲಾದರೆ ಅಲ್ಲಿಂದ ಸರಿಪಡಿಸುವುದು ದೊಡ್ಡ ರಾದ್ಧಾಂತ.

ಕೆಲಸಕ್ಕೆಂದು ಹೊರದೇಶಕ್ಕೆ ಹೋದ ಮೇಲೆ ಮಾಮೂಲಿ ಉಳಿತಾಯ ಖಾತೆಯನ್ನು ಹಾಗೇ ನಡೆಸುವಂತಿಲ್ಲ. ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆ ಮಾಡಿಸಿ, ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಎಂಬ ಬೇರೆ ಖಾತೆ ತೆರೆಯಿರಿ; ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಹೊರಡುವ ದಿನಾಂಕಕ್ಕೂ ತೆರಿಗೆಗೂ ನಂಟಿದೆ: ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿದ್ದ ದಿನಗಳು 182 ಮುಟ್ಟದಿದ್ದರೆ ನೀವು ಅನಿವಾಸಿ, ಅಲ್ಲಿನ ಸಂಬಳ ಇಲ್ಲಿನ ತೆರಿಗೆಗೆ ಬರುವುದಿಲ್ಲ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನ. ಮಾಲೀಕ ಒಪ್ಪಿದರೆ ಅಕ್ಟೋಬರ್ ಮೊದಲ ವಾರದ ಟಿಕೆಟನ್ನು ಸೆಪ್ಟೆಂಬರ್ 28ಕ್ಕೋ ಅದಕ್ಕೂ ಮುಂಚಿನ ದಿನಕ್ಕೋ ಮಾಡಿಸಿಕೊಳ್ಳುವುದು ಲಾಭ.

ಪೆಟ್ಟಿಗೆಯಲ್ಲಿ ಏನಿರಬಾರದು

ಗಸಗಸೆ. ನಮ್ಮಲ್ಲಿ ಪಾಯಸಕ್ಕೆ ಹಾಕುವ ಕಾಳು. ಯುಎಇ, ಸೌದಿ, ಕತಾರಿನಲ್ಲಿ ಅದು ಅಫೀಮಿನ ಗಿಡದ ಬೀಜ, ನಿಷೇಧಿತ ವಸ್ತು. ಪೊಟ್ಟಣ ಮಾತ್ರವಲ್ಲ, ಅಮ್ಮ ಮನೆಯಲ್ಲಿ ಅರೆದು ಕೊಟ್ಟ ಮಸಾಲೆ ಪುಡಿಯಲ್ಲಿ ಗಸಗಸೆ ಹಾಕಿದ್ದಾರೆಯೇ ಎಂದು ಕೇಳಿಯೇ ತುಂಬಿಸಿ. ಟ್ರಮಡಾಲ್, ಕೋಡೀನ್ ಇರುವ ನೋವಿನ ಗುಳಿಗೆ, ಕೆಮ್ಮಿನ ಸಿರಪ್, ನಿದ್ದೆ ಮಾತ್ರೆಗಳು ಅಲ್ಲಿ ನಿಯಂತ್ರಿತ ಔಷಧಗಳು. ಖಾಯಂ ಮಾತ್ರೆ ನುಂಗುವವರು ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೇ ಬರೆಸಿಕೊಂಡು, ಅಂಗಡಿಯ ಮೂಲ ಪ್ಯಾಕಿನಲ್ಲೇ ಒಯ್ಯಿರಿ. ಗುಳಿಗೆ ಬಿಡಿಸಿ ಡಬ್ಬಿಗೆ ಸುರಿಯಬೇಡಿ. ‘ಅಲ್ಲಿ ನಮ್ಮವರು ಬಂದು ತಗೊಳ್ತಾರೆ’ ಎಂದು ಯಾರೋ ಕೊಡುವ ಪೊಟ್ಟಣ, ಉಪ್ಪಿನಕಾಯಿ ಡಬ್ಬವೇ ಆದರೂ, ಬೇಡ. ನಿಮ್ಮ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ನಿಮ್ಮದೇ.

ಪಾಸ್‌ಪೋರ್ಟ್, ವೀಸಾ ಪ್ರತಿ, ಕರಾರು, ಮೆಡಿಕಲ್, ವಿಮೆ, ಕಂಪನಿಯವರ ಫೋನ್ ನಂಬರು, ಎಂಟು ಫೋಟೋ, ಇವು ಕೈಚೀಲದಲ್ಲಿರಲಿ. ಲಗೇಜಿನಲ್ಲಿ ಹಾಕಿದ ಮೂಲ ಸರ್ಟಿಫಿಕೇಟು ಲಗೇಜಿನ ಜತೆಗೇ ಕಳೆದುಹೋಗುತ್ತದೆ.

ಇಳಿದ ಮೇಲೆ

ಗಡಿಯಾರ ಅಲ್ಲಿಂದಲೇ ಓಡಲು ಶುರು. ಸೌದಿಯಲ್ಲಿ ಬಂದ 90 ದಿನದೊಳಗೆ ಇಕಾಮಾ ಕೈಗೆ ಬರಬೇಕು. ಯುಎಇಯ ಕೆಲಸದ ಪ್ರವೇಶ ಪರವಾನಗಿಗೆ 60 ದಿನ. ಅಷ್ಟರಲ್ಲಿ ಮೆಡಿಕಲ್, ಎಮಿರೇಟ್ಸ್ ಐಡಿಯ ಬೆರಳಚ್ಚು, ರೆಸಿಡೆನ್ಸಿ ಮೂರೂ ಮುಗಿಯಬೇಕು. ಇದನ್ನು ಮಾಡಿಸಬೇಕಾದವನು ಮಾಲೀಕ, ಆದರೆ ದಿನ ಎಣಿಸಬೇಕಾದವರು ನೀವು. ಅವಧಿ ಮೀರಿದರೆ ಯುಎಇಯಲ್ಲಿ ದಿನಕ್ಕೆ 50 ದಿರ್ಹಂ ದಂಡ.

ಇಕಾಮಾ ಬಂದ ದಿನವೇ ಸೌದಿಯಲ್ಲಿ ಅಬ್ಶರ್ ಮತ್ತು ಕಿವಾ ಎಂಬ ಸರಕಾರಿ ತಾಣಗಳ ಖಾತೆಗಳನ್ನು ನಿಮ್ಮ ಸ್ವಂತ ನಂಬರಿನಲ್ಲಿ ತೆರೆಯಿರಿ. ಇಕಾಮಾದ ಅವಧಿ ಎಂದು ಮುಗಿಯುತ್ತದೆ, ಕರಾರಿನಲ್ಲಿ ಏನಿದೆ, ಹುರೂಬ್ ಬಿದ್ದಿದೆಯೇ ಎಂಬುದು ಫೋನಿನಲ್ಲೇ ಕಾಣುತ್ತದೆ. ಕಂಪನಿಯ ಗುಮಾಸ್ತ ತನ್ನ ನಂಬರು ಹಾಕಿ ಖಾತೆ ಮಾಡಿಕೊಡುತ್ತೇನೆ ಎಂದರೆ ಬೇಡ ಎನ್ನಿ, ಏಕೆಂದರೆ ನಿಮ್ಮ ಹೆಸರಿನ ಕರಾರಿಗೆ ಒಪ್ಪಿಗೆ ಒತ್ತುವುದೂ ಅದೇ ಖಾತೆಯಿಂದ. ಪಾಸ್‌ಪೋರ್ಟನ್ನು ವೀಸಾ ಕೆಲಸಕ್ಕೆ ಕೇಳಿದರೆ ಕೊಟ್ಟು ವಾಪಸು ಪಡೆಯಿರಿ. ಅದನ್ನು ಮಾಲೀಕ ಇಟ್ಟುಕೊಳ್ಳುವುದು ಯುಎಇ, ಸೌದಿ ಎರಡರಲ್ಲೂ ಕಾನೂನಿಗೆ ವಿರುದ್ಧ. ಖಾಲಿ ಕಾಗದಕ್ಕೂ, ಬರೀ ಅರಬ್ಬಿಯಲ್ಲಿರುವ ‘ಸಂಬಳ ಸಂದಿದೆ’ ರಸೀದಿಗೂ ಸಹಿ ಹಾಕಬೇಡಿ.

ಮೊದಲ ಸಂಬಳ ಬ್ಯಾಂಕಿಗೋ ಕಾರ್ಡಿಗೋ ಬಿದ್ದ ದಿನ ಕರಾರಿನ ಪಕ್ಕ ಇಟ್ಟು ನೋಡಿ. ಮೂರು ತಿಂಗಳು ಸುಮ್ಮನಿದ್ದು ಆಮೇಲೆ ಕೇಳಿದರೆ ನೀವು ಒಪ್ಪಿಕೊಂಡಿದ್ದೀರಿ ಎಂದೇ ವಾದಿಸುತ್ತಾರೆ. ಯುಎಇಯಲ್ಲಿ ಸಂಬಳದ ದಿನ ಕಳೆದು 15 ದಿನವಾದರೂ ಬಾರದಿದ್ದರೆ ಅದನ್ನು ಬಾಕಿ ಎಂದೇ ಪರಿಗಣಿಸುತ್ತಾರೆ, ಕಾರ್ಮಿಕ ಸಚಿವಾಲಯದ ಆ್ಯಪಿನಲ್ಲೇ ದೂರು ಹಾಕಬಹುದು. ಅಲ್ಲಿನ ದಾರಿ ಮುಚ್ಚಿದರೆ ಭಾರತದ ಮದದ್ ತಾಣದಲ್ಲಿ ದೂರು ದಾಖಲಿಸಿ, ಅದು ನೇರ ರಾಯಭಾರ ಕಚೇರಿಗೆ ಹೋಗುತ್ತದೆ. ಊರಿನಲ್ಲಿರುವ ಮನೆಯವರೂ ನಿಮ್ಮ ಪರವಾಗಿ ಅದನ್ನು ಮಾಡಬಹುದು. ಅವರ ಬಳಿ ಪಾಸ್‌ಪೋರ್ಟ್, ವೀಸಾ, ಕರಾರಿನ ಪ್ರತಿ ಇರಬೇಕು ಅಷ್ಟೇ. ವಲಸೆ ಕಾರ್ಮಿಕರ ಸಹಾಯವಾಣಿ 1800 11 3090, ಭಾರತದೊಳಗಿಂದ ಕರೆ ಉಚಿತ.